ಶಬ್ದಕ್ಕಿಂತ ನಿಧಾನ ಸಾಗುವ ಗುಂಡು: ಬೇಟೆಗಾರನ ಮೌನಕ್ಕೆ ಯಾರು ಬೆಲೆ ತೆರಬೇಕು?

ರೈಫಲ್ ಸಿಡಿದಾಗ ಕೇಳಿಸುವುದು ಒಂದೇ ಸದ್ದಲ್ಲ. ಮದ್ದು ಉರಿದು ಹುಟ್ಟಿದ ಅನಿಲವು ನಳಿಕೆಯ ಬಾಯಿಂದ ಹೊರನುಗ್ಗುವಾಗ ಆಗುವ ಸ್ಫೋಟದ ಸದ್ದು ಒಂದು. ಗುಂಡು ಶಬ್ದಕ್ಕಿಂತ ವೇಗವಾಗಿ ಗಾಳಿಯನ್ನು ಸೀಳಿಕೊಂಡು ಹೋಗುವಾಗ ಚಾಟಿ ಬೀಸಿದಂತೆ ಕೇಳುವ ಸದ್ದು ಇನ್ನೊಂದು. ಮೊದಲನೆಯದನ್ನು ಅಡಗಿಸಲು ನಳಿಕೆಯ ತುದಿಗೆ ಸೈಲೆನ್ಸರ್ ಜೋಡಿಸಬಹುದು. ಎರಡನೆಯದು ಗುಂಡಿನ ಜೊತೆಗೇ ಪ್ರಯಾಣ ಮಾಡುವುದರಿಂದ ಯಾವ ಸೈಲೆನ್ಸರಿಗೂ ಅದು ನಿಲುಕದು. ಅದನ್ನು ಇಲ್ಲವಾಗಿಸಲು ಇರುವುದು ಒಂದೇ ದಾರಿ. ಗುಂಡನ್ನು ಶಬ್ದದ ವೇಗಕ್ಕಿಂತ ಕೆಳಗೆ ಇಳಿಸಬೇಕು.

ಹೀಗೆ ಇಳಿಸಿದ ಗುಂಡನ್ನು ‘ಸಬ್‌ಸಾನಿಕ್’ ಎಂದು ಕರೆಯಲಾಗುತ್ತದೆ. ಮೊಲದಂಥ ಸಣ್ಣ ಪ್ರಾಣಿಗಳಿಗೆ .22 ತೋಟಾಗಳಲ್ಲಿ ಇದರ ಬಳಕೆ ಹಳೆಯದು. ಆದರೆ ಕಾಡುಹಂದಿ, ಜಿಂಕೆಗಳಂಥ ದೊಡ್ಡ ಪ್ರಾಣಿಗಳಿಗೂ ಇಂಥ ಗುಂಡನ್ನು ರೂಪಿಸುವ ಪ್ರಯತ್ನ ಕಳೆದ ಮೂರು ದಶಕಗಳಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ಜೋರಾಗಿ ನಡೆದಿದೆ. ಬೇಟೆಯೇ ನಿಷಿದ್ಧವಾಗಿರುವ ನಮ್ಮ ದೇಶದಲ್ಲಿ ಇದು ಕೇವಲ ಕುತೂಹಲದ ವಿಷಯವೆನಿಸಬಹುದು. ಆದರೆ ಇದರ ಮೂಲಕಥೆಯ ಒಂದು ಎಳೆ ಭಾರತದ ನೆಲದಲ್ಲೇ ಇದೆ.

ವೇಗ ಇಳಿದರೆ ಉಳಿಯುವುದೇನು?

20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಸೊನ್ನೆ ಡಿಗ್ರಿಯಲ್ಲಿ ಅದು 331ಕ್ಕೂ, ಹಿಮದ ನಾಡಿನ ಮೈನಸ್ 20ರಲ್ಲಿ 319ಕ್ಕೂ ಇಳಿಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಸದ್ದಿಲ್ಲದೆ ಸಾಗಿದ ತೋಟಾವೇ ಚಳಿಗಾಲದಲ್ಲಿ ಚಟ್ಟೆಂದು ಸದ್ದು ಮಾಡಬಹುದು. ತಯಾರಕರು ಸಾಮಾನ್ಯವಾಗಿ ಸೆಕೆಂಡಿಗೆ 305ರಿಂದ 320 ಮೀಟರ್ ಆಸುಪಾಸಿನಲ್ಲಿ ನಿಲ್ಲುವುದು ಈ ಕಾರಣಕ್ಕೇ.

ವೇಗಕ್ಕೆ ಹೀಗೆ ಗೆರೆ ಎಳೆದ ಕೂಡಲೇ ಲೆಕ್ಕವೆಲ್ಲ ಬದಲಾಗುತ್ತದೆ. ಚಲನಶಕ್ತಿಯು ತೂಕಕ್ಕೆ ಅನುಗುಣವಾಗಿಯೂ ವೇಗದ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆಂಬುದು ಪ್ರೌಢಶಾಲೆಯ ಪಾಠ. 1952ರಲ್ಲಿ ಮಾರುಕಟ್ಟೆಗೆ ಬಂದ, ಬೇಟೆಗಾರರ ಮೆಚ್ಚಿನ .308 ವಿಂಚೆಸ್ಟರ್ ತೋಟಾದ 9.7 ಗ್ರಾಂ ಗುಂಡು ಸೆಕೆಂಡಿಗೆ 860 ಮೀಟರ್ ವೇಗದಲ್ಲಿ ಹೊರಟಾಗ ಸುಮಾರು 3,590 ಜೌಲ್ ಶಕ್ತಿಯನ್ನು ಹೊತ್ತಿರುತ್ತದೆ. ಅದೇ ವ್ಯಾಸದ, ಆದರೆ ಅದಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಭಾರವಾದ, 14.3 ಗ್ರಾಂ ತೂಗುವ ಗುಂಡನ್ನು ಸೆಕೆಂಡಿಗೆ 308 ಮೀಟರ್ ವೇಗದಲ್ಲಿ ಬಿಟ್ಟರೆ ಸಿಗುವುದು 680 ಜೌಲ್‌ಗಿಂತ ಕಡಿಮೆ. ಅಂದರೆ ಐದರಲ್ಲಿ ಒಂದು ಪಾಲೂ ಇಲ್ಲ. ವೇಗ ಹೆಚ್ಚಿಸುವಂತಿಲ್ಲ ಎಂದಾದಾಗ ತೂಕವೊಂದೇ ಕೈಗೆ ಸಿಗುವ ಹಿಡಿ. ಸಬ್‌ಸಾನಿಕ್ ಗುಂಡುಗಳೆಲ್ಲ ಉದ್ದವಾಗಿಯೂ ಭಾರವಾಗಿಯೂ ಇರುವುದರ ಗುಟ್ಟು ಇಷ್ಟೇ. ಈ ಉದ್ಯಮದಲ್ಲಿ ಗುಂಡಿನ ತೂಕವನ್ನು ಅಳೆಯುವುದು ಇಂದಿಗೂ ‘ಗ್ರೇನ್’ ಎಂಬ ಮಾನದಲ್ಲಿ. ನಮ್ಮ ಅಕ್ಕಸಾಲಿಗರ ಗುಲಗಂಜಿಯಂತೆ ಅದೂ ಒಂದು ಕಾಳಿನಿಂದ, ಬಾರ್ಲಿ ಕಾಳಿನಿಂದ, ಬಂದದ್ದು. ಮೇಲೆ ಹೇಳಿದ 14.3 ಗ್ರಾಂ ಎಂದರೆ 220 ಗ್ರೇನ್.

ಇಲ್ಲಿಗೆ ಶಕ್ತಿಯ ಲೆಕ್ಕ ಮುಗಿಯಿತು. ಆದರೆ ಪ್ರಾಣಿಯನ್ನು ಕೊಲ್ಲುವುದು ಜೌಲ್‌ಗಳಲ್ಲ, ಅದರ ದೇಹದಲ್ಲಿ ಆಗುವ ಗಾಯ. ಸೆಕೆಂಡಿಗೆ ಸುಮಾರು 600 ಮೀಟರಿಗಿಂತ ಹೆಚ್ಚಿನ ವೇಗದ ಗುಂಡು ಮಾಂಸದ ಮೂಲಕ ಹಾಯುವಾಗ ತನ್ನ ದಾರಿಯ ಸುತ್ತಲಿನ ಅಂಗಾಂಶವನ್ನು ಕ್ಷಣಮಾತ್ರ ಬಲೂನಿನಂತೆ ಹಿಗ್ಗಿಸಿ ಹರಿಯುತ್ತದೆ. ಅಮೆರಿಕದ ಸೇನಾ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ 1980ರ ದಶಕದಲ್ಲಿ ಶೇ.10ರ ಜೆಲಟಿನ್ ಗಟ್ಟಿಗಳಿಗೆ ಗುಂಡು ಹೊಡೆದು ನಡೆಸಿದ ಅಧ್ಯಯನಗಳು ಈ ತಾತ್ಕಾಲಿಕ ಕುಹರ ಮತ್ತು ಗುಂಡು ನಿಜವಾಗಿ ಜಜ್ಜಿದ ಶಾಶ್ವತ ಕುಹರ ಇವೆರಡರ ವ್ಯತ್ಯಾಸವನ್ನು ಸ್ಪಷ್ಟಪಡಿಸಿದವು. ಸಬ್‌ಸಾನಿಕ್ ವೇಗದಲ್ಲಿ ಮೊದಲನೆಯದರ ಸಹಾಯ ಬಹುತೇಕ ಇಲ್ಲ. ಸ್ನಾಯು, ಶ್ವಾಸಕೋಶಗಳು ಹಿಗ್ಗಿ ಮತ್ತೆ ಮೊದಲಿನಂತೆ ಕೂಡಿಕೊಳ್ಳುತ್ತವೆ. ಉಳಿಯುವುದು ಗುಂಡಿನಷ್ಟೇ ಅಗಲದ ಒಂದು ರಂಧ್ರ. 7.8 ಮಿಲಿಮೀಟರ್ ವ್ಯಾಸದ ಗುಂಡು ಅರಳದೆ ಹಾದುಹೋದರೆ ಹಂದಿಯ ಪಾಲಿಗೆ ಅದು ಪೆನ್ಸಿಲ್ ಚುಚ್ಚಿದಂತೆ. ಹಂದಿ ಸಾಯುತ್ತದೆ, ಆದರೆ ಯಾವಾಗ, ಎಲ್ಲಿ ಎಂಬುದನ್ನು ಹೇಳಲಾಗದು. ಅದೇ ಗುಂಡು 15 ಮಿಲಿಮೀಟರ್‌ಗೆ ಅರಳಿದರೆ ರಂಧ್ರದ ವಿಸ್ತೀರ್ಣ ಮೂರೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಆದ್ದರಿಂದಲೇ ನಿಧಾನದ ಗುಂಡಿಗೆ ಅರಳುವಿಕೆಯೆಂಬುದು ಅಲಂಕಾರವಲ್ಲ, ಅನಿವಾರ್ಯ.

ದಮ್‌ದಮ್‌ನ ಕಥೆ

ಅರಳುವ ಗುಂಡು ಎಂದೊಡನೆ ನೆನಪಾಗುವ ಹೆಸರು ದಮ್‌ದಮ್. ಇಂದು ಕೋಲ್ಕತ್ತಾದ ವಿಮಾನ ನಿಲ್ದಾಣಕ್ಕೆ ಹೆಸರಾದ ಈ ಜಾಗ ಬ್ರಿಟಿಷರ ಕಾಲದಲ್ಲಿ ಫಿರಂಗಿ ದಳದ ನೆಲೆಯಾಗಿತ್ತು. 1857ರ ಜನವರಿಯಲ್ಲಿ ಕೊಬ್ಬು ಸವರಿದ ತೋಟಾಗಳ ಸುದ್ದಿ ಸಿಪಾಯಿಗಳ ನಡುವೆ ಮೊದಲು ಹಬ್ಬಿದ್ದೂ ಇಲ್ಲಿಂದಲೇ. ಒಂದೇ ಊರು ಎರಡು ಬಾರಿ ತೋಟಾದ ಕಾರಣಕ್ಕೆ ಚರಿತ್ರೆಯ ಪುಟ ಸೇರಿದ್ದು ವಿಚಿತ್ರವೇ ಸರಿ.

19ನೇ ಶತಮಾನದ ಹಳೆಯ ರೈಫಲ್‌ಗಳ ಗುಂಡುಗಳು 11 ಮಿಲಿಮೀಟರಿಗೂ ಹೆಚ್ಚು ದಪ್ಪವಿದ್ದ ಮೆತ್ತನೆಯ ಸೀಸದ ಗಟ್ಟಿಗಳು. ಅವು ಅರಳದಿದ್ದರೂ ಅಗಲವಾದ ಗಾಯ ಮಾಡುತ್ತಿದ್ದವು. 1880ರ ದಶಕದ ಕೊನೆಯಲ್ಲಿ ಬಂದ .303 ರೈಫಲ್‌ನ ಗುಂಡು ತೆಳ್ಳಗೆ, ವೇಗವಾಗಿ, ಗಟ್ಟಿ ಲೋಹದ ಕವಚ ತೊಟ್ಟು ಹೊರಟಿತು. 1895ರ ಚಿತ್ರಾಲ್ ಕಾರ್ಯಾಚರಣೆಯಲ್ಲಿ ಈ ಗುಂಡು ತಗುಲಿದವರೂ ನಿಲ್ಲದೆ ಮುನ್ನುಗ್ಗುತ್ತಿದ್ದಾರೆಂದು ಬ್ರಿಟಿಷ್ ಸೈನಿಕರು ದೂರಿದರು. ದಮ್‌ದಮ್ ಕಾರ್ಖಾನೆಯ ಮುಖ್ಯಸ್ಥನಾಗಿದ್ದ ಕ್ಯಾಪ್ಟನ್ ನೆವಿಲ್ ಬರ್ಟಿ-ಕ್ಲೇ ಇದಕ್ಕೆ ಕಂಡುಕೊಂಡ ಉಪಾಯ ಸರಳವಾಗಿತ್ತು. ಕವಚದ ಮೂತಿಯನ್ನು ತೆರೆದು, ಒಳಗಿನ ಸೀಸ ತುಸು ಹೊರಗೆ ಕಾಣುವಂತೆ ಮಾಡಿದ. ದೇಹಕ್ಕೆ ತಗುಲಿದೊಡನೆ ಸೀಸ ಅಣಬೆಯಂತೆ ಅರಳಿತು.

ಇದರ ವಿರುದ್ಧ ಯುರೋಪಿನಲ್ಲಿ ಎದ್ದ ಕೂಗು 1899ರ ಜುಲೈ 29ರ ಹೇಗ್ ಘೋಷಣೆಗೆ ದಾರಿ ಮಾಡಿತು. ಮಾನವ ದೇಹದಲ್ಲಿ ಸುಲಭವಾಗಿ ಹಿಗ್ಗುವ ಅಥವಾ ಚಪ್ಪಟೆಯಾಗುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು ರಾಷ್ಟ್ರಗಳು ಒಪ್ಪಿಕೊಂಡವು. ಬ್ರಿಟನ್ ಆಗ ವಿರೋಧಿಸಿ, 1907ರಲ್ಲಿ ಒಪ್ಪಿತು. ಅಮೆರಿಕ ಅದಕ್ಕೆ ಎಂದೂ ಸೇರಲಿಲ್ಲ. 1998ರ ರೋಮ್ ಶಾಸನವು ಅಂತರರಾಷ್ಟ್ರೀಯ ಸಂಘರ್ಷದಲ್ಲಿ ಇಂಥ ಗುಂಡಿನ ಬಳಕೆಯನ್ನು ಯುದ್ಧಾಪರಾಧಗಳ ಪಟ್ಟಿಗೆ ಸೇರಿಸಿತು.

ಇನ್ನು ಬೇಟೆಯ ಕಾನೂನು ನೋಡಿದರೆ ಎಲ್ಲವೂ ತಿರುವುಮುರುವು. ಇಂಗ್ಲೆಂಡ್ ಮತ್ತು ವೇಲ್ಸ್‌ನ 1991ರ ಜಿಂಕೆ ಕಾಯಿದೆಯ ಪ್ರಕಾರ ಜಿಂಕೆಗೆ ಹೊಡೆಯುವ ರೈಫಲ್ ಗುಂಡಿನ ಮೂತಿ ಮೆತ್ತಗಿರಬೇಕು ಇಲ್ಲವೇ ಟೊಳ್ಳಾಗಿರಬೇಕು. ಸ್ಕಾಟ್ಲೆಂಡ್‌ನಲ್ಲೂ ಅರಳುವ ಗುಂಡೇ ಕಡ್ಡಾಯ. ಸೈನಿಕನಿಗೆ ಅರಳುವ ಗುಂಡು ಹೊಡೆಯುವುದು ಕ್ರೌರ್ಯ, ಜಿಂಕೆಗೆ ಅರಳದ ಗುಂಡು ಹೊಡೆಯುವುದು ಕ್ರೌರ್ಯ. ಮೇಲ್ನೋಟಕ್ಕೆ ವಿರೋಧಾಭಾಸವೆನಿಸಿದರೂ ಇದರಲ್ಲೊಂದು ತರ್ಕವಿದೆ. ಯುದ್ಧದಲ್ಲಿ ಎದುರಾಳಿಯನ್ನು ಕಾದಾಟದಿಂದ ಹೊರಗಿಟ್ಟರೆ ಸಾಕು, ಗಾಯಾಳುವಿಗೆ ಆಸ್ಪತ್ರೆ ಇದೆ. ಗಾಯಗೊಂಡ ಜಿಂಕೆಗೆ ಆಸ್ಪತ್ರೆ ಇಲ್ಲ. ಅದಕ್ಕೆ ಇರುವ ಏಕೈಕ ದಯೆ ಬೇಗ ಬರುವ ಸಾವು.

ಲೋಹದ ಹಟ

ಅರಳುವ ಗುಂಡು ಬೇಕು ಎನ್ನುವುದೇನೋ ಸುಲಭ. ನಿಧಾನದ ಗುಂಡನ್ನು ಅರಳಿಸುವುದು ಮಾತ್ರ ಕಷ್ಟ. ಮಾಂಸವು ಬಹುಮಟ್ಟಿಗೆ ನೀರು. ಗುಂಡಿನ ಮೂತಿಯ ಮೇಲೆ ಅದು ಹೇರುವ ಒತ್ತಡವೂ ವೇಗದ ವರ್ಗಕ್ಕೆ ಅನುಗುಣವಾದುದು. ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಈ ಒತ್ತಡ 300 ಮೆಗಾಪಾಸ್ಕಲ್ ದಾಟುತ್ತದೆ. 308 ಮೀಟರ್ ವೇಗದಲ್ಲಿ ಅದು ಕೇವಲ 50ರ ಆಸುಪಾಸು. ಶುದ್ಧ ಸೀಸ ಇಷ್ಟಕ್ಕೆ ಮಣಿಯುತ್ತದೆ. ಅದನ್ನು ಹೊದ್ದಿರುವ ತಾಮ್ರದ ಕವಚ, ಅದರಲ್ಲೂ ಅಚ್ಚಿನಲ್ಲಿ ಎಳೆದು ಗಟ್ಟಿಯಾದ ಕವಚ, ಮಣಿಯುವುದಿಲ್ಲ. ಆದ್ದರಿಂದ ಸಾಮಾನ್ಯ ಬೇಟೆಯ ಗುಂಡನ್ನೇ ಕಡಿಮೆ ಮದ್ದು ತುಂಬಿ ನಿಧಾನವಾಗಿ ಹೊಡೆದರೆ ಅದು ಅರಳುವ ಮನಸ್ಸನ್ನೇ ಮಾಡುವುದಿಲ್ಲ. ಬೇಟೆಗೆಂದು ಹೇಳಿಕೊಳ್ಳದ, ಗುರಿ ಅಭ್ಯಾಸದ ಸಬ್‌ಸಾನಿಕ್ ಗುಂಡುಗಳ ಕಥೆಯೂ ಅದೇ. ಅವುಗಳ ಮೂತಿಯಲ್ಲಿ ಕಾಣುವ ಸಣ್ಣ ತೂತು ತಯಾರಿಕೆಯ ಗುರುತೇ ಹೊರತು ಅರಳಲು ಮಾಡಿದ ಬಾಗಿಲಲ್ಲ. ಆ ತೂತನ್ನು ನೋಡಿ ಮೋಸಹೋದ ಬೇಟೆಗಾರರು ಕಡಿಮೆಯೇನಿಲ್ಲ.

ವಿನ್ಯಾಸಕಾರರು ಈ ಹಟವನ್ನು ಮುಖ್ಯವಾಗಿ ಎರಡು ಬಗೆಯಲ್ಲಿ ಎದುರಿಸಿದ್ದಾರೆ. ಒಂದನೆಯದು ಸೀಸದ ಒಡಲನ್ನು ಉಳಿಸಿಕೊಂಡು ಕವಚವನ್ನು ತೆಳುಗೊಳಿಸುವುದು, ಅದರ ಮೇಲೆ ಉದ್ದುದ್ದ ಗೀರುಗಳನ್ನು ಮೊದಲೇ ಕೊರೆದು ಎಲ್ಲಿ ಹರಿಯಬೇಕೆಂದು ತೋರಿಸಿಕೊಡುವುದು. ಅಮೆರಿಕದ ಹಾರ್ನಡಿ ಕಂಪನಿಯ ‘ಸಬ್-ಎಕ್ಸ್’ ಈ ಮಾರ್ಗದ್ದು. ಅದರ ಟೊಳ್ಳು ಮೂತಿಯಲ್ಲಿ ಮೆತ್ತನೆಯ ಪಾಲಿಮರ್ ತುದಿಯೊಂದನ್ನು ಕೂರಿಸಲಾಗಿದೆ. ಟೊಳ್ಳು ಮೂತಿಗಳ ಹಳೆಯ ರೋಗವೆಂದರೆ ಕೂದಲು, ಚರ್ಮ, ಕೆಸರು ತುಂಬಿಕೊಂಡು ಮುಚ್ಚಿಹೋಗುವುದು. ಕೆಸರಿನಲ್ಲಿ ಹೊರಳಿ ಬರುವ ಹಂದಿಯ ವಿಷಯದಲ್ಲಂತೂ ಇದು ಖಚಿತ. ಪಾಲಿಮರ್ ತುದಿ ಆ ಜಾಗವನ್ನು ಮೊದಲೇ ಆಕ್ರಮಿಸಿಕೊಂಡು, ಪೆಟ್ಟು ಬಿದ್ದಾಗ ಹಿಂದಕ್ಕೆ ಒತ್ತಿ ಬಾಯಿ ತೆರೆಸುತ್ತದೆ.

ಎರಡನೆಯದು ಸೀಸವನ್ನೇ ಕೈಬಿಟ್ಟು ಇಡೀ ಗುಂಡನ್ನು ತಾಮ್ರದಲ್ಲಿ ಕಡೆಯುವ ದಾರಿ. ಮೂತಿಯಿಂದ ಆಳದವರೆಗೆ ಅಗಲವಾದ ಕುಳಿ ಕೊರೆದು, ಗೋಡೆಯನ್ನು ದಳಗಳಾಗಿ ಸೀಳಲಾಗುತ್ತದೆ. ದ್ರವ ಒಳನುಗ್ಗಿ ಒತ್ತಿದಾಗ ದಳಗಳು ಹೂವಿನಂತೆ ಹೊರಬಾಗುತ್ತವೆ. ಲೀಹೈ ಡಿಫೆನ್ಸ್ ಮುಂತಾದ ಕಂಪನಿಗಳು ಈ ಮಾರ್ಗದಲ್ಲಿವೆ. ಸೀಸದ ವಿಷ ಕಾಂಡರ್ ಹದ್ದುಗಳನ್ನು ಕೊಲ್ಲುತ್ತಿದೆಯೆಂಬ ಕಾರಣಕ್ಕೆ ಕ್ಯಾಲಿಫೋರ್ನಿಯಾ ರಾಜ್ಯ 2013ರಲ್ಲಿ ಕಾಯಿದೆ ತಂದು, 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ಣವಾಗಿ ನಿಷೇಧಿಸಿದ ಮೇಲೆ ತಾಮ್ರಕ್ಕೆ ಬೇಡಿಕೆ ಹೆಚ್ಚಿದೆ. ಆದರೆ ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕ ಬೇಕೆಂದರೆ ಗುಂಡು ಕಾಲುಭಾಗ ಉದ್ದವಾಗಬೇಕು, ಕುಳಿ ಕೊರೆದಷ್ಟೂ ಇನ್ನೂ ಉದ್ದ.

ಉದ್ದವಾದಂತೆಲ್ಲ ಗುಂಡು ಗಾಳಿಯಲ್ಲಿ ಲಾಗ ಹಾಕದಂತೆ ತಡೆಯಲು ಹೆಚ್ಚು ತಿರುಗಿಸಬೇಕಾಗುತ್ತದೆ. ಬುಗುರಿ ನಿಧಾನವಾದೊಡನೆ ತೂಗಾಡುವಂತೆಯೇ ಇದು. ಎಷ್ಟು ಉದ್ದದ ಗುಂಡಿಗೆ ನಳಿಕೆಯೊಳಗಿನ ಸುರುಳಿ ಎಷ್ಟು ಬಿಗಿಯಾಗಿರಬೇಕೆಂಬ ಸೂತ್ರವನ್ನು ಬ್ರಿಟಿಷ್ ಗಣಿತಜ್ಞ ಗ್ರೀನ್‌ಹಿಲ್ 1879ರಲ್ಲೇ ಕೊಟ್ಟಿದ್ದ. ಸಾಮಾನ್ಯ ರೈಫಲ್‌ಗಳಲ್ಲಿ ಗುಂಡು 10ರಿಂದ 12 ಇಂಚು ಸಾಗುವಷ್ಟರಲ್ಲಿ ಒಂದು ಸುತ್ತು ತಿರುಗಿದರೆ, ಸಬ್‌ಸಾನಿಕ್ ಗುಂಡುಗಳಿಗೆಂದೇ ಬಳಕೆಯಾಗುವ .300 ಬ್ಲ್ಯಾಕ್‌ಔಟ್‌ನಲ್ಲಿ 7 ಅಥವಾ 8 ಇಂಚಿಗೆ ಒಂದು ಸುತ್ತು. ಇತ್ತೀಚಿನ 8.6 ಬ್ಲ್ಯಾಕ್‌ಔಟ್‌ನಲ್ಲಿ 3 ಇಂಚಿಗೇ ಒಂದು. ಲೆಕ್ಕ ಹಾಕಿದರೆ ಇದು ನಿಮಿಷಕ್ಕೆ ಎರಡು ಲಕ್ಷಕ್ಕೂ ಮೀರಿದ ಸುತ್ತುಗಳಾಗುತ್ತದೆ. ಸ್ಥಿರತೆಗೆ ಇಷ್ಟು ಬೇಕಿಲ್ಲ. ತಿರುಗುವಿಕೆಯ ರಭಸವೇ ದಳಗಳನ್ನು ಹೊರಕ್ಕೆ ಎಸೆದು ಅರಳಲು ನೆರವಾಗಲಿ ಎಂಬುದು ಇದರ ಹಿಂದಿನ ಆಲೋಚನೆ. ಮುಂದಕ್ಕೆ ಸಾಗುವ ವೇಗದಿಂದ ಸಿಗದ ಬಲವನ್ನು ತಿರುಗುವ ವೇಗದಿಂದ ಕದಿಯುವ ಈ ಯುಕ್ತಿ ಜಾಣತನದ್ದೆಂದು ಒಪ್ಪಲೇಬೇಕು.

.300 ಬ್ಲ್ಯಾಕ್‌ಔಟ್‌ಗೂ ಒಂದು ವಂಶಾವಳಿ ಇದೆ. ಜೆ.ಡಿ. ಜೋನ್ಸ್ ಎಂಬ ಅಮೆರಿಕನ್ ವಿನ್ಯಾಸಕಾರ 1990ರ ದಶಕದ ಆರಂಭದಲ್ಲಿ ಜನಪ್ರಿಯಗೊಳಿಸಿದ .300 ವಿಸ್ಪರ್ ಅದರ ಪೂರ್ವಜ. 2011ರಲ್ಲಿ ಅಮೆರಿಕದ ತೋಟಾ ತಯಾರಕರ ಮಾನಕ ಸಂಸ್ಥೆ ಬ್ಲ್ಯಾಕ್‌ಔಟ್‌ಗೆ ಮನ್ನಣೆ ನೀಡಿತು. ಅಲ್ಲಿ ಮನೆಮಾತಾಗಿರುವ ಎಆರ್-15 ರೈಫಲ್‌ನ ನಳಿಕೆಯೊಂದನ್ನು ಬದಲಿಸಿದರೆ ಸಾಕೆಂಬ ಅನುಕೂಲವೇ ಅದನ್ನು ಗೆಲ್ಲಿಸಿತು. ಆದರೆ ಅದೇ ಅನುಕೂಲ ವಿನ್ಯಾಸಕಾರನ ಕೈಯನ್ನೂ ಕಟ್ಟಿಹಾಕಿತು. ತೋಟಾಕೋಶದ ಉದ್ದಕ್ಕಿಂತ ಗುಂಡು ಉದ್ದವಾಗುವಂತಿಲ್ಲ. ಮೂತಿ ತೀರ ಅಗಲವಾಗಿ ತೆರೆದಿದ್ದರೆ ಒಳಗೆ ಸರಿಯಾಗಿ ಜಾರದು. ಇದನ್ನೆಲ್ಲ ಬದಿಗಿಟ್ಟು 11.6 ಮಿಲಿಮೀಟರ್ ವ್ಯಾಸದ .458 ಸೋಕಾಂನಂಥ ತೋಟಾಗಳತ್ತ ಹೋದವರೂ ಇದ್ದಾರೆ. 32 ಗ್ರಾಂ ತೂಗುವ ಅದರ ಗುಂಡು ನಿಧಾನವಾಗಿ ಹೋದರೂ 1,500 ಜೌಲ್ ಹೊತ್ತೊಯ್ಯುತ್ತದೆ. ಹಳೆಯ ದಪ್ಪ ಸೀಸದ ಕಾಲಕ್ಕೇ ಮರಳಿದಂತಾಯಿತು.

ನಿಧಾನದ ಗುಂಡಿಗೆ ಒಂದು ಅನುಕೂಲವೂ ಉಂಟು. ವೇಗದ ಗುಂಡು ಹತ್ತಿರದ ಪ್ರಾಣಿಗೆ ತಗುಲುವಾಗ ಸಿಡಿದು ಚೂರಾಗದೆ, ದೂರದ ಪ್ರಾಣಿಗೆ ತಗುಲುವಾಗ ಅರಳದೆ ಉಳಿಯದೆ, ಎರಡೂ ತುದಿಗಳನ್ನು ಸಂಭಾಳಿಸಬೇಕು. ಸಬ್‌ಸಾನಿಕ್ ಗುಂಡು ನೂರು ಮೀಟರ್ ಸಾಗಿದರೂ ಕಳೆದುಕೊಳ್ಳುವ ವೇಗ ತೀರ ಅಲ್ಪ. ಒಂದೇ ವೇಗಕ್ಕೆ ಅದನ್ನು ಹದಗೊಳಿಸಬಹುದು. ಆದರೆ ಹಾಗೆ ಹದಗೊಂಡ ಗುಂಡನ್ನು ಯಾರಾದರೂ ಪೂರ್ಣ ವೇಗದ ತೋಟಾಕ್ಕೆ ತುಂಬಿದರೆ ಅದು ಚರ್ಮದ ಬಳಿಯೇ ಛಿದ್ರವಾಗುವುದು ನಿಶ್ಚಿತ.

ನೂರು ಮೀಟರಿನ ಗಡಿ

ಗುಂಡು ಎಷ್ಟೇ ಚೆನ್ನಾಗಿ ಅರಳಲಿ, ತಗುಲಬೇಕಾದ ಜಾಗಕ್ಕೆ ತಗುಲದಿದ್ದರೆ ವ್ಯರ್ಥ. ಸೆಕೆಂಡಿಗೆ 308 ಮೀಟರ್ ವೇಗದಲ್ಲಿ ಹೊರಟ ಗುಂಡು ನೂರು ಮೀಟರ್ ಮುಟ್ಟಲು ಸೆಕೆಂಡಿನ ಮೂರನೇ ಒಂದು ಭಾಗ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಗುರುತ್ವಾಕರ್ಷಣೆ ಅದನ್ನು ಅರ್ಧ ಮೀಟರಿಗೂ ಹೆಚ್ಚು ಕೆಳಗೆಳೆಯುತ್ತದೆ. ದೂರದರ್ಶಕವನ್ನು ನೂರು ಮೀಟರಿಗೆ ಹೊಂದಿಸಿಟ್ಟುಕೊಂಡ ಬೇಟೆಗಾರ 120 ಮೀಟರ್ ದೂರದ ಹಂದಿಯನ್ನು ನೂರರಲ್ಲಿದೆ ಎಂದು ಭ್ರಮಿಸಿದರೆ ಗುಂಡು ಸುಮಾರು 12 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಹೃದಯದ ಬದಲು ಕಾಲಿನ ಮೂಳೆ ಮುರಿಯಲು ಇಷ್ಟು ಸಾಕು. .308ರಲ್ಲಿ ಇದೇ ತಪ್ಪಿಗೆ ಆಗುವ ವ್ಯತ್ಯಾಸ ಎರಡು ಸೆಂಟಿಮೀಟರಿಗಿಂತ ಕಡಿಮೆ. ಸದ್ದು ತಲುಪುವುದೂ ಗುಂಡಿಗಿಂತ ತುಸು ಮುಂಚೆ. ಬೆಚ್ಚಿದ ಪ್ರಾಣಿ ಆ ಕ್ಷಣಾರ್ಧದಲ್ಲಿ ಒಂದು ಹೆಜ್ಜೆ ಇಟ್ಟರೂ ಲೆಕ್ಕ ತಪ್ಪಿತು.

ಯುರೋಪಿನ ಬಹಳಷ್ಟು ಕಾನೂನುಗಳು ಈ ಗುಂಡಿಗೆ ಬಾಗಿಲು ತೆರೆದಿಲ್ಲ. ಜರ್ಮನಿಯ ಬೇಟೆ ಕಾಯಿದೆ ರೋ ಎಂಬ ಸಣ್ಣ ಜಿಂಕೆಗೂ ನೂರು ಮೀಟರ್ ದೂರದಲ್ಲಿ ಕನಿಷ್ಠ 1,000 ಜೌಲ್, ಅದಕ್ಕಿಂತ ದೊಡ್ಡ ಗೊರಸಿನ ಪ್ರಾಣಿಗಳಿಗೆ 2,000 ಜೌಲ್ ಕೇಳುತ್ತದೆ. 8.6 ಬ್ಲ್ಯಾಕ್‌ಔಟ್‌ನ 300 ಗ್ರೇನ್ ಗುಂಡು ನಳಿಕೆಯ ಬಾಯಲ್ಲೇ ಸಾವಿರ ಮುಟ್ಟುವುದಿಲ್ಲ. ಸ್ಕಾಟ್ಲೆಂಡ್ ಶಕ್ತಿಯ ಜೊತೆಗೆ ವೇಗವನ್ನೂ ನಿಗದಿಪಡಿಸಿ, ಸೆಕೆಂಡಿಗೆ 747 ಮೀಟರಿಗಿಂತ ಕಡಿಮೆ ಇರಕೂಡದೆಂದಿದೆ. ವಿಶೇಷವೆಂದರೆ ಬೇಟೆಗೆ ಸೈಲೆನ್ಸರ್ ಬಳಕೆ ಅತ್ಯಂತ ಸಾಮಾನ್ಯವಾಗಿರುವುದು ನಾರ್ವೆ, ಫಿನ್ಲೆಂಡ್‌ಗಳಂಥ ದೇಶಗಳಲ್ಲೇ. ಅಲ್ಲಿನವರು ಕಿವಿಯ ರಕ್ಷಣೆಗೆಂದು ಅದನ್ನು ಪೂರ್ಣ ವೇಗದ ಗುಂಡಿನೊಂದಿಗೆ ಬಳಸುತ್ತಾರೆ. ಎರಡನೆಯ ಸದ್ದನ್ನು ಸಹಿಸಿಕೊಳ್ಳುತ್ತಾರೆ.

ಸಬ್‌ಸಾನಿಕ್ ಬೇಟೆಯ ನಿಜವಾದ ತವರು ಅಮೆರಿಕದ ದಕ್ಷಿಣದ ರಾಜ್ಯಗಳು. ಹೊಲಗಳನ್ನು ರಾತ್ರೋರಾತ್ರಿ ಅಗೆದು ಹಾಳುಮಾಡುವ ಕಾಡುಬಿದ್ದ ಹಂದಿಗಳ ಹಿಂಡು ಅಲ್ಲಿನ ದೊಡ್ಡ ಪಿಡುಗು. ಸದ್ದು ಕಡಿಮೆಯಿದ್ದರೆ ಒಂದು ಬಿದ್ದ ಮೇಲೂ ಉಳಿದವು ತಕ್ಷಣ ಚದುರುವುದಿಲ್ಲ, ನೆರೆಹೊರೆಯವರ ನಿದ್ದೆಯೂ ಕೆಡುವುದಿಲ್ಲ ಎಂಬುದು ಬೇಟೆಗಾರರ ವಾದ. ಸೈಲೆನ್ಸರನ್ನು ಕಂಡುಹಿಡಿದು 1909ರಲ್ಲಿ ಪೇಟೆಂಟ್ ಪಡೆದಾತ ಹೈರಾಮ್ ಪರ್ಸಿ ಮ್ಯಾಕ್ಸಿಮ್. ಲೋಕಕ್ಕೆ ಮಷಿನ್‌ಗನ್ನಿನ ಅಬ್ಬರವನ್ನು ಕೊಟ್ಟ ಹೈರಾಮ್ ಮ್ಯಾಕ್ಸಿಮ್‌ನ ಮಗ ಈತ. 1934ರ ಕಾನೂನು ಸೈಲೆನ್ಸರಿಗೆ ಹೇರಿದ್ದ 200 ಡಾಲರ್ ತೆರಿಗೆಯನ್ನು 2025ರ ಕಾಯಿದೆಯೊಂದು 2026ರ ಜನವರಿ 1ರಿಂದ ಸೊನ್ನೆಗೆ ಇಳಿಸಿದೆ. ತೆರಿಗೆ ಹೋದರೆ ಸೈಲೆನ್ಸರ್‌ಗಳ ಜೊತೆ ನಿಧಾನದ ಗುಂಡುಗಳ ಮಾರಾಟವೂ ಏರುವುದು ಸಹಜ. ಅವುಗಳಲ್ಲಿ ಎಷ್ಟು ನಿಜವಾಗಿ ಅರಳುವಂಥವು ಎಂಬುದನ್ನು ಪೆಟ್ಟಿಗೆಯ ಮೇಲಿನ ‘ಸಬ್‌ಸಾನಿಕ್’ ಎಂಬ ಪದವೊಂದೇ ಹೇಳುವುದಿಲ್ಲ.

ಕನ್ನಡದ ಓದುಗರಿಗೆ ಬೇಟೆಯ ಗುಂಡುಗಳ ಪರಿಚಯ ಬಹುಮಟ್ಟಿಗೆ ಆಗಿರುವುದು ಬೆಂಗಳೂರಿನ ಬೇಟೆಗಾರ-ಲೇಖಕ ಕೆನೆತ್ ಆಂಡರ್ಸನ್ ಬರಹಗಳ ಮೂಲಕ, ಅವನ್ನು ‘ಕಾಡಿನ ಕಥೆಗಳು’ ಮಾಲಿಕೆಯಲ್ಲಿ ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿಯವರ ಮೂಲಕ. ಆಂಡರ್ಸನ್ ಕೈಯಲ್ಲಿದ್ದ .405 ವಿಂಚೆಸ್ಟರ್ 10 ಮಿಲಿಮೀಟರಿಗೂ ದಪ್ಪದ ಗುಂಡನ್ನು ಶಬ್ದದ ಹತ್ತಿರಹತ್ತಿರ ಎರಡು ಪಟ್ಟು ವೇಗದಲ್ಲಿ ಎಸೆಯುತ್ತಿದ್ದ ರೈಫಲ್. ಅರೆಬರೆ ಗಾಯ ಏನು ಮಾಡಬಲ್ಲದೆಂಬುದಕ್ಕೆ ಜಿಮ್ ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತ್ ಹುಲಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 436 ಜನರನ್ನು ಬಲಿತೆಗೆದುಕೊಂಡಿತೆನ್ನಲಾದ ಆ ಹೆಣ್ಣು ಹುಲಿಯ ಬಲಗಡೆಯ ಕೋರೆಹಲ್ಲುಗಳು ಹಿಂದೆಂದೋ ಯಾರೋ ಹೊಡೆದ ಗುಂಡಿಗೆ ಮುರಿದಿದ್ದವು. ಸಹಜ ಬೇಟೆಯಾಡಲು ಅದಕ್ಕೆ ಆಗುತ್ತಿರಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಭಾರತದಲ್ಲಿ ಆ ಅಧ್ಯಾಯ ಮುಗಿದಿದೆ. ಜೀವಕ್ಕೆ, ಬೆಳೆಗೆ ಅಪಾಯ ಒಡ್ಡುವ ಪ್ರಾಣಿಯನ್ನು ಕೊಲ್ಲಲು ಕಾಯಿದೆಯ 11ನೇ ಸೆಕ್ಷನ್ ಅಡಿ ಅಧಿಕೃತ ಅನುಮತಿ ಬೇಕು. ಕೈಲ್ ಮುಹೂರ್ತದಂದು ಕೋವಿಗೆ ಪೂಜೆ ಸಲ್ಲಿಸುವ ಕೊಡವರಿಗೆ ಪರವಾನಗಿಯಿಂದ 2029ರವರೆಗೆ ವಿಸ್ತರಿಸಲಾಗಿರುವ ವಿನಾಯಿತಿಯೂ ಕೋವಿ ಹೊಂದುವುದಕ್ಕೆ ಮಾತ್ರ, ಬೇಟೆಗಲ್ಲ.